ನಾಲ್ಕನೇ ಮಹಡಿಯ ನೀಲಿ ಬಾಗಿಲು

ಈ ಸಭೆಯ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಕುಳಿತು ಮೇಜಿನ ಕೆಳಗೆ ಮೊಬೈಲು ನೋಡುತ್ತಿರುವ ಮುಖ್ಯ ಅತಿಥಿಗಳೇ, ನಮ್ಮ ಕಂಪ್ಯೂಟರ್ ಆಟ ತಯಾರಕರ ಸಂಘದ ಕಾರ್ಯದರ್ಶಿಗಳೇ, ಮುಂದಿನ ಸಾಲುಗಳನ್ನು ಖಾಲಿ ಬಿಟ್ಟು ಹಿಂದೆ ಒತ್ತೊತ್ತಾಗಿ ಕುಳಿತಿರುವ ಸಭಿಕರೇ, ಮತ್ತು ಹೊರಬಾಗಿಲ ಪಕ್ಕದ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಈಗಲೋ ಆಗಲೋ ಎದ್ದು ಹೋಗುವವಳಂತೆ ಕುಳಿತಿರುವ ನನ್ನ ಅಕ್ಕನೇ,

ಮೊದಲಿಗೆ ಒಂದು ವಿಷಯ. ಅಧ್ಯಕ್ಷರ ತಲೆಯ ಮೇಲಿನ ಟ್ಯೂಬ್‌ಲೈಟು ಮಿಣುಕುತ್ತಿದೆ. ಸಭೆ ಶುರುವಾದಾಗಿನಿಂದ ನೋಡುತ್ತಿದ್ದೇನೆ. ಬಲ್ಬು ಬದಲಿಸುವ ಆಟ ಮಾಡಿದವನನ್ನು ಸನ್ಮಾನಕ್ಕೆಂದು ಕರೆಸಿ, ಕೆಟ್ಟ ದೀಪದ ಕೆಳಗೆ ಕೂರಿಸಿದ್ದೀರಿ. ಇದರಲ್ಲೂ ಏನೋ ಗೂಢಾರ್ಥವಿದೆ ಎಂದು ಯಾರಾದರೂ ಎದ್ದು ವ್ಯಾಖ್ಯಾನ ಮಾಡುವ ಮೊದಲೇ ಹೇಳಿಬಿಡುತ್ತೇನೆ. ಅದು ಕೆಟ್ಟಿದೆ, ಅಷ್ಟೇ.

ನನಗೆ ಭಾಷಣ ಬರುವುದಿಲ್ಲ. ಮೇಲಾಗಿ, ಮನೆಯಿಂದ ಹೊರಡುವಾಗ ಕಂಪ್ಯೂಟರಿನ ಸ್ವಿಚ್ಚು ಆರಿಸಿದೆನೋ ಇಲ್ಲವೋ ಎಂಬ ಹುಳು ತಲೆ ಕೊರೆಯುತ್ತಿದೆ. ಬಸ್ಸಿನಲ್ಲಿ ಅಕ್ಕನನ್ನು ಕೇಳಿದೆ. ಆರಿಸಿದ್ದೀಯ ಅಂದಳು. ನೀನು ಕಣ್ಣಾರೆ ನೋಡಿದೆಯಾ ಅಂದೆ. ನೋಡಿಲ್ಲ, ಆದರೆ ಆರಿಸದೆ ಹೊರಟ ದಿನ ಒಂದೂ ಇಲ್ಲ, ಕೇಳದೆ ಹೊರಟ ದಿನವೂ ಒಂದಿಲ್ಲ ಅಂದಳು. ಇದು ಸಮಾಧಾನವೋ ಹಂಗಿಸುವುದೋ ಎಂದು ಯೋಚಿಸುವಷ್ಟರಲ್ಲಿ ನಮ್ಮ ಸ್ಟಾಪು ಬಂತು.

ಆಹ್ವಾನ ಪತ್ರಿಕೆಯಲ್ಲಿ ನನ್ನ ಭಾಷಣದ ವಿಷಯ ಅಚ್ಚಾಗಿದೆ: ‘ಐಡಿಯಾಗಳ ಮಹಾಪೂರ, ಅದನ್ನು ನಿಭಾಯಿಸುವ ಕಲೆ’. ಕಲೆಯಂತೆ. ಮಹಾಪೂರ ಬಂದ ಮನೆಗೆ ಎಂದಾದರೂ ಹೋಗಿದ್ದೀರಾ? ಅಲ್ಲಿ ಕುಡಿಯಲು ನೀರಿರುವುದಿಲ್ಲ.

ಈಗ ಒಳಗೆ ಬರುವಾಗ, ಇದೇ ಸಭಾಂಗಣದ ಮೆಟ್ಟಿಲ ಮೇಲೆ, ಇಸ್ತ್ರಿ ಮಾಡಿದ ಅಂಗಿಯ ಮಹನೀಯರೊಬ್ಬರು ನನ್ನನ್ನು ಅಡ್ಡಗಟ್ಟಿದರು. “ಸರ್, ನನ್ನ ಹತ್ರ ಒಂದು ಭಯಂಕರ ಐಡಿಯಾ ಇದೆ. ಇಲ್ಲಿವರೆಗೂ ಯಾರಿಗೂ ಹೇಳಿಲ್ಲ. ನೀವು ಬರೀ ಮಾಡಿಕೊಟ್ರೆ ಸಾಕು” ಅಂದರು. ಬರೀ. ಆ ‘ಬರೀ’ ಎನ್ನುವ ಎರಡು ಅಕ್ಷರದೊಳಗೆ ನಮ್ಮಂಥವರ ಆಯುಷ್ಯ ಮುಗಿದುಹೋಗುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಅವರು ಈಗ ಇಲ್ಲೇ ಎಲ್ಲೋ ಕುಳಿತಿದ್ದಾರೆ. ಸ್ವಾಮಿ, ನಿಮ್ಮ ಐಡಿಯಾ ಚೆನ್ನಾಗಿಯೇ ಇತ್ತು. ಐಡಿಯಾಗಳೆಲ್ಲ ಚೆನ್ನಾಗಿಯೇ ಇರುತ್ತವೆ. ಕೆಟ್ಟ ಐಡಿಯಾ ಬಂದವನು ಪುಣ್ಯವಂತ, ಅವನು ಬೇಗ ಬಿಟ್ಟು ಊಟಕ್ಕೆ ಹೋಗುತ್ತಾನೆ.

ನಾನು ಒಳ್ಳೆಯ ಐಡಿಯಾಗಳ ಮನೆಯಲ್ಲಿ ಹುಟ್ಟಿದವನು. ನಮ್ಮ ತಂದೆಯನ್ನು ಬೀದಿಯವರು ಬೋರ್ಡಪ್ಪ ಎಂದು ಕರೆಯುತ್ತಿದ್ದರು. ಇಟ್ಟ ಹೆಸರು ಬೇರೆ ಇತ್ತು, ಅದು ಯಾರಿಗೂ ನೆನಪಿರಲಿಲ್ಲ. ಅವರಿಗೆ ಅಂಗಡಿ ಇಡುವ ಹುಚ್ಚು. ರೇಡಿಯೋ ರಿಪೇರಿ ಅಂಗಡಿ ಇಟ್ಟರು. ರೇಡಿಯೋಗಳು ಬರುವ ಮೊದಲೇ ಫೋಟೋಗಳಿಗೆ ಕಟ್ಟು ಹಾಕುವುದು ಇನ್ನೂ ಚೆಂದ ಅನ್ನಿಸಿತು. ಕಟ್ಟು ಹಾಕಲು ಗಾಜು ತಂದರು, ಗಾಜು ನೋಡಿದ ಮೇಲೆ ಮೀನಿನ ತೊಟ್ಟಿ ಮಾಡೋಣ ಅನ್ನಿಸಿತು. ಒಂದೊಂದು ಅಂಗಡಿಗೂ ಒಂದೊಂದು ಊರು ಸರಿಹೋಗುತ್ತದೆ ಎಂಬ ಇನ್ನೊಂದು ಐಡಿಯಾ. ಅಂಗಡಿಯ ಹಿಂದೆ ನಮ್ಮ ಮನೆ, ಮನೆಯ ಹಿಂದೆ ನಮ್ಮ ಶಾಲೆ. ಒಂದು ಶಾಲೆಯಲ್ಲಿ ನಾನು ಭಿನ್ನರಾಶಿಯ ಮೊದಲರ್ಧ ಕಲಿತೆ. ಮುಂದಿನ ಶಾಲೆಗೆ ಹೋದಾಗ ಅವರೂ ಮೊದಲರ್ಧವನ್ನೇ ಮಾಡುತ್ತಿದ್ದರು. ಉಳಿದರ್ಧವನ್ನು ಯಾವ ಊರಿನಲ್ಲಿ ಹೇಳಿಕೊಟ್ಟರೋ ನನಗೆ ತಿಳಿಯದು. ಇಂಥವನು ಕಂಪ್ಯೂಟರಿಗೆ ಲೆಕ್ಕ ಹೇಳಿಕೊಡುತ್ತೇನೆ, ನೀವು ಚಪ್ಪಾಳೆ ತಟ್ಟುತ್ತೀರಿ.

ಊರು ಬದಲಾದರೂ ಬೋರ್ಡು ಬದಲಾಗಲಿಲ್ಲ. ಅದೇ ಮರದ ಹಲಗೆ ನಮ್ಮ ಜೊತೆ ಲಾರಿ ಹತ್ತಿ ಇಳಿಯುತ್ತಿತ್ತು. ಹಳೆಯ ಹೆಸರಿನ ಮೇಲೆ ಬಣ್ಣ ಬಳಿದು ಹೊಸ ಹೆಸರು ಬರೆಯುವ ಕೆಲಸ ಅಕ್ಕನದು. ಅವಳ ಅಕ್ಷರ ದುಂಡಗಿತ್ತು, ಅದೇ ಅವಳ ಗ್ರಹಚಾರ. ಬಿಸಿಲಲ್ಲಿ ಒಣಗಲಿಟ್ಟಾಗ ಒಂದು ಓರೆಯಿಂದ ನೋಡಿದರೆ ಕೆಳಗಿನ ಹೆಸರುಗಳೆಲ್ಲ ಉಬ್ಬಿಕೊಂಡು ಕಾಣುತ್ತಿದ್ದವು. ಅಪ್ಪನಿಗೆ ಅದು ಕಾಣುತ್ತಿರಲಿಲ್ಲ, ಅವರು ನೇರ ಎದುರಿಗೆ ನಿಂತು ನೋಡುತ್ತಿದ್ದರು.

ಕೊನೆಗೊಮ್ಮೆ ಅಪ್ಪ ಛತ್ರಿ ರಿಪೇರಿ ಅಂಗಡಿ ಇಡುತ್ತೇನೆಂದು ಹಲಗೆ ತಂದು ಅಕ್ಕನ ಮುಂದೆ ಇಟ್ಟರು. ಅವಳು ಬ್ರಷ್ಷು ಮುಟ್ಟಲಿಲ್ಲ.

“ಮೊದಲು ಅಂಗಡಿ ನಡೀಲಿ ಅಪ್ಪ. ಬೋರ್ಡು ಆಮೇಲೆ ಬರೀತೀನಿ.”

ಅಪ್ಪ ಮುನಿಸಿಕೊಂಡರು. ಬೋರ್ಡಿಲ್ಲದ ಅಂಗಡಿಗೆ ನಾಯಿಯೂ ಬರುವುದಿಲ್ಲ ಎಂದು ಕೂಗಾಡಿದರು. ಮುನಿಸಿಕೊಂಡೇ ಒಂದು ಛತ್ರಿಗೆ ಕಡ್ಡಿ ಹಾಕಿದರು, ಇನ್ನೊಂದಕ್ಕೆ ಬಟ್ಟೆ ಹೊಲಿದರು. ಅದೊಂದು ಅಂಗಡಿ ನಡೆಯಿತು. ಅಪ್ಪ ಇರುವವರೆಗೂ ನಡೆಯಿತು. ಬೋರ್ಡು ಬರೆಯುವ ಮಾತನ್ನು ಮತ್ತೆ ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಇದನ್ನು ಯಾಕೆ ಹೇಳಿದೆ? ಸುಮ್ಮನೆ ಬಾಯಿಗೆ ಬಂತು. ವಿಷಯಕ್ಕೆ ಬರೋಣ.

ಅಪ್ಪನ ಮಗ ನಾನು. ಕಂಪನಿಯಿಲ್ಲ, ಯಜಮಾನನಿಲ್ಲ, ಮನೆಯ ಹಿಂದಿನ ಕೋಣೆಯಲ್ಲಿ ಎರಡು ಮೇಜು. ಒಂದರಲ್ಲಿ ನಾನು ಆಟ ಕಟ್ಟುತ್ತೇನೆ, ಇನ್ನೊಂದರಲ್ಲಿ ಅಕ್ಕ ಅದಕ್ಕೆ ಚಿತ್ರ ಬರೆಯುತ್ತಾಳೆ. ನಾವು ಶುರುಮಾಡಿದ ಆಟಗಳನ್ನು ಕೇಳಿದರೆ ನೀವು ಮೂಗಿನ ಮೇಲೆ ಬೆರಳಿಡುತ್ತೀರಿ. ಇರುವೆಗಳು ಮನೆ ಖಾಲಿ ಮಾಡುವ ಆಟ. ರೈಲಿನ ಡಬ್ಬಿಗಳು ತಮ್ಮತಮ್ಮಲ್ಲೇ ಜಗಳವಾಡಿ ಬೇರೆಯಾಗುವ ಆಟ. ಮೋಡಗಳು ಕಚೇರಿಯಲ್ಲಿ ರಜೆಗೆ ಅರ್ಜಿ ಹಾಕುವ ಆಟ. ಎಲ್ಲಕ್ಕೂ ಹೆಸರಿತ್ತು, ಮುಖಪುಟವಿತ್ತು, ಸಂಗೀತವಿತ್ತು. ಯಾವುದಕ್ಕೂ ಎರಡನೇ ಹಂತವಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕುಲಾವಿಗಳ ಕಾರ್ಖಾನೆಯೇ ಇತ್ತು.

ಮೋಡಗಳ ಮುಖಪುಟ ಮುಗಿಸಿದ ದಿನ ಅಕ್ಕ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. “ಅಪ್ಪನಿಗೆ ಬೋರ್ಡು ಬರೆದೆ. ನಿನಗೆ ಮುಖಪುಟ ಬರೀತಿದ್ದೀನಿ. ನನ್ನ ಕೈಗೆ ಒಳಗಿನ ಕೆಲಸ ಯಾವಾಗ ಸಿಗುತ್ತೋ?”

ಅದಕ್ಕೆ ನಾನು ಏನು ಹೇಳಿದೆ ಗೊತ್ತೇ? ಒಳಗಿನ ಕೆಲಸದ ಬಗ್ಗೆ ನನಗೊಂದು ಐಡಿಯಾ ಬಂದಿದೆ ಎಂದೆ.

ಅದೇ ನೀವು ಇವತ್ತು ಹೊಗಳುತ್ತಿರುವ ‘ಮೆಟ್ಟಿಲ ದೀಪ’. ಆಡದೇ ಹೊಗಳುವವರೂ ಇಲ್ಲಿದ್ದಾರೆ, ಅವರಿಗಾಗಿ ಹೇಳುತ್ತೇನೆ. ಒಂದು ಹಳೆಯ ಕಟ್ಟಡ. ಅದರ ಮೆಟ್ಟಿಲುಗಳಲ್ಲಿ ಬಲ್ಬುಗಳು ಸುಟ್ಟುಹೋಗಿವೆ. ಆಡುವವರು ಏಣಿ ಹೊತ್ತು ಮಹಡಿಯಿಂದ ಮಹಡಿಗೆ ಹೋಗಿ ಬಲ್ಬು ಹಾಕಬೇಕು. ದೀಪ ಹತ್ತಿದಾಗ ಆ ಮಹಡಿಯ ಬಾಗಿಲುಗಳು ತೆರೆದು, ಒಳಗಿನವರು ಇಣುಕಿ ಎರಡು ಮಾತಾಡುತ್ತಾರೆ. ಮುಗಿಯಿತು. ಎಷ್ಟು ಸಣ್ಣದು ನೋಡಿ. ಇಷ್ಟು ಸಣ್ಣದನ್ನು ನಾನು ಏನು ಮಾಡಿದೆ? ಎರಡನೇ ಮಹಡಿ ಮುಗಿಯುವ ಮೊದಲೇ, ಏಣಿಯ ಬದಲು ಬಲೂನು ಇದ್ದರೆ ಹೇಗೆ ಅಂದೆ. ಕೆಳಗೆ ನೀರು ತುಂಬಿ, ಬೆಕ್ಕೊಂದು ಮೀನು ಹಿಡಿಯುತ್ತಿದ್ದರೆ ಹೇಗೆ ಅಂದೆ. ಮಾಳಿಗೆಯ ಮೇಲೆ ರೈಲು ಬಂದರೆ ಅಂದೆ. ಬಾಡಿಗೆ ಕೊಡುವ ದೆವ್ವ ಇರಲಿ ಅಂದೆ. ಸಭಿಕರೇ, ಒಂದೊಂದು ಐಡಿಯಾದ ಹಿಂದೆಯೂ ಒಂದು ಹೆದರಿಕೆ ಇರುತ್ತದೆ. ಬಲ್ಬು ಬದಲಿಸುವುದನ್ನು ಯಾರು ಆಡುತ್ತಾರೆ? ಜನ ನಗುವುದಿಲ್ಲವೇ? ಬೆಕ್ಕು ಇದ್ದರೆ ನಗಲಿಕ್ಕಿಲ್ಲ. ಬೆಕ್ಕಿಗೂ ನಕ್ಕರೆ ರೈಲಿದೆ. ಹೀಗೆ. ಇದನ್ನು ನೀವು ಪ್ರತಿಭೆ ಎನ್ನುತ್ತೀರಿ. ಮನೆಯಲ್ಲಿ ಇದಕ್ಕೆ ಪುಕ್ಕಲುತನ ಎನ್ನುತ್ತಾರೆ.

ಆಗ ಅಕ್ಕ ಒಂದು ಪದ್ಧತಿ ಮಾಡಿದಳು. ಆಟದ ಕಟ್ಟಡದಲ್ಲಿ, ನಾಲ್ಕನೇ ಮಹಡಿಯ ಮೂಲೆಗೆ, ಒಂದು ನೀಲಿ ಬಾಗಿಲು ಬರೆದಳು. ಬಾಗಿಲ ಹಿಂದೆ ಒಂದು ಕೋಣೆ. ನನಗೆ ಹೊಸ ಐಡಿಯಾ ಬಂದರೆ ಅವಳಿಗೆ ಹೇಳಬೇಕು. ಅವಳು ಅದಕ್ಕೊಂದು ಪುಟ್ಟ ಚಿತ್ರ ಬರೆಯುತ್ತಾಳೆ, ನಾನೊಂದು ಸದ್ದು ಮಾಡಿಕೊಡುತ್ತೇನೆ, ಎರಡನ್ನೂ ಅವಳು ಆ ಕೋಣೆಯೊಳಗೆ ಇಟ್ಟು ಬಾಗಿಲು ಹಾಕುತ್ತಾಳೆ. “ಒಳಗಿಟ್ಟಿದ್ದೀನಿ. ಸತ್ತಿಲ್ಲ, ಕ್ಷೇಮವಾಗಿದೆ. ಈಗ ಮೂರನೇ ಮಹಡಿ ಕಟ್ಟು.” ಒಂದೇ ಷರತ್ತು: ಆ ಕೋಣೆಗೆ ನಾನು ಹೋಗಕೂಡದು. ಹೋದರೆ ಬರಿಗೈಯಲ್ಲಿ ವಾಪಸ್ಸು ಬರುವವನಲ್ಲ ಎಂದು ಅವಳಿಗೆ ಗೊತ್ತು. ಕಾರ್ಯದರ್ಶಿಗಳೇ, ನೀವು ಕೇಳಿದ ನಿಭಾಯಿಸುವ ಕಲೆ ಇದೇ. ಬರೆದುಕೊಳ್ಳಿ. ಒಂದು ಬಾಗಿಲು, ಮತ್ತು ಅದರ ಹೊರಗೆ ಕಾವಲಿಗೆ ಒಬ್ಬಳು ಅಕ್ಕ. ಅಕ್ಕ ಇಲ್ಲದವರು ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ.

ಹೀಗೆ ನನ್ನ ಜೀವನದಲ್ಲಿ ಮೊದಲ ಸಲ ಒಂದು ಆಟ ಮುಗಿಯಿತು. ಜನರಿಗೆ ಕೊಟ್ಟೆವು. ಕೊಡುವ ಅವಸರದಲ್ಲಿ ಒಂದು ಕೆಲಸ ಮರೆತೆವು. ಆಟದೊಳಗೆ ಗೋಡೆ ಕಟ್ಟಿದರೆ ಅದು ಕಣ್ಣಿಗೆ ಅಡ್ಡವಾಗುತ್ತದೆ, ಕಿವಿಗೆ ಅಡ್ಡವಾಗುವುದಿಲ್ಲ. ಸದ್ದನ್ನು ಬೇರೆಯಾಗಿ ನಿಲ್ಲಿಸಬೇಕು. ಆ ಕೋಣೆಯ ಸದ್ದುಗಳನ್ನು ನಾನು ನಿಲ್ಲಿಸಿರಲಿಲ್ಲ. ಕೋಣೆಯನ್ನೇ ತೆಗೆಯಬೇಕಿತ್ತು, ತೆಗೆದಿರಲಿಲ್ಲ.

ಒಂದು ವಾರವೂ ಆಗಲಿಲ್ಲ, ಆಡಿದವರಿಂದ ಪತ್ರಗಳು ಬರತೊಡಗಿದವು. ನೀಲಿ ಬಾಗಿಲ ಹತ್ತಿರ ನಿಂತರೆ ನೀರಿನ ಸದ್ದು ಕೇಳುತ್ತದೆ. ರೈಲು ಕೂಗುತ್ತದೆ. ಬೆಕ್ಕು ಸೀನುತ್ತದೆ. ಮತ್ತೆ ಇವೆಲ್ಲದರ ಕೆಳಗೆ, ಸುಮ್ಮನೆ ಕಿವಿಗೊಟ್ಟರೆ, ಕೆರ್ರ್, ಕೆರ್ರ್ ಎಂದು ಯಾರೋ ಏನನ್ನೋ ಕೆರೆಯುವ ಸದ್ದು. ಅದೇನು? ಅದೇನು? ಜನರಿಗೆ ನೀರು, ರೈಲು, ಬೆಕ್ಕು ಬೇಡವಾಯಿತು. ಎಲ್ಲರೂ ಆ ಕೆರೆತದ ಹಿಂದೆಯೇ ಬಿದ್ದರು. ಒಳಗೆ ಕೈದಿ ಇದ್ದಾನೆ ಎಂದ ಒಬ್ಬ. ತಾಯಿಯ ಸಮಾಧಿ ಎಂದ ಇನ್ನೊಬ್ಬ. ನಾನು ಮಾತ್ರ ಹೆದರಿ ಸತ್ತೆ. ಏಕೆಂದರೆ ಆ ಸದ್ದನ್ನು ನಾನು ಮಾಡಿಕೊಟ್ಟಿರಲಿಲ್ಲ. ಎಲ್ಲೋ ಕೆಟ್ಟಿದೆ ಎಂದು, ಷರತ್ತಿನ ಆ ಕೋಣೆಯೊಂದನ್ನು ಬಿಟ್ಟು, ನನ್ನ ಕೆಲಸವನ್ನೆಲ್ಲ ಜಾಲಾಡಿದೆ. ಅಕ್ಕನನ್ನು ಕೇಳಿದರೆ, ಕೆಟ್ಟಿಲ್ಲ ಬಿಡು ಎಂದು ತನ್ನ ಪಾಡಿಗೆ ಚಿತ್ರ ಬರೆಯುತ್ತಿದ್ದಳು.

ಈಗ ತಾನೇ ಕಾರ್ಯದರ್ಶಿಗಳು ನನ್ನ ಸನ್ಮಾನ ಪತ್ರ ಓದಿದರು. “ಮುಚ್ಚಿದ ಬಾಗಿಲಿನ ಮೂಲಕ ಆಧುನಿಕ ಮನುಷ್ಯನ ಏಕಾಂತವನ್ನೂ, ಆ ಕೆರೆತದ ಮೂಲಕ ಆತ್ಮದ ಮೇಲಿನ ಗೀರುಗಳನ್ನೂ ಧ್ವನಿಸಿದ ಮೌನಸಾಧಕ” ಎಂದರು. ಯಾರನ್ನೋ ಹೊಗಳುತ್ತಿದ್ದಾರೆ ಎಂದು ನಾನು ಹಿಂತಿರುಗಿ ನೋಡಿದೆ, ಹಿಂದೆ ಪರದೆ ಮಾತ್ರ ಇತ್ತು. ಅಯ್ಯಾ, ಅದು ಉಗ್ರಾಣ. ಬೇಡವೆಂದು ಎತ್ತಿಟ್ಟ ಸಾಮಾನಿನ ಉಗ್ರಾಣ. ನಿಮ್ಮ ಮನೆಯ ಅಟ್ಟದಿಂದ ಹಳೇ ಬಕೆಟ್ಟು ಬಿದ್ದು ಸದ್ದಾದರೆ ಅದನ್ನೂ ಏಕಾಂತ ಎನ್ನುತ್ತೀರಾ?

ಇಷ್ಟಕ್ಕೇ ಮುಗಿದಿದ್ದರೆ ನಾನು ಫಲಕ ತೆಗೆದುಕೊಂಡು ಮನೆಗೆ ಹೋಗುತ್ತಿದ್ದೆ. ಆದರೆ ನಮ್ಮ ಅಧ್ಯಕ್ಷರು ಉತ್ಸಾಹಿಗಳು. ನನ್ನನ್ನು ಒಂದು ಮಾತೂ ಕೇಳದೆ, ಆಹ್ವಾನ ಪತ್ರಿಕೆಯ ಕೊನೆಗೆ, ‘ನೀಲಿ ಬಾಗಿಲು ತೆರೆಯಲಿದೆ: ಹೊಸ ಆಟದ ಘೋಷಣೆ’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದರು. ಅದಕ್ಕೆ ಬಂಡವಾಳ ಹಾಕುವವರು ಇದೋ ಈ ಮುಖ್ಯ ಅತಿಥಿಗಳು. ಪತ್ರಿಕೆ ಮನೆಗೆ ಬಂದಾಗ ನಾನು ಏನು ಮಾಡಬೇಕಿತ್ತು? ಸಿಟ್ಟು ಬರಬೇಕಿತ್ತು. ನನಗೆ ಖುಷಿಯಾಯಿತು. ಬೆಕ್ಕು, ರೈಲು, ದೆವ್ವ ಎಲ್ಲ ಒಟ್ಟಿಗೆ ಹೊರಬರುತ್ತವಲ್ಲ ಎಂದು ಮೈಯೆಲ್ಲ ಜುಮ್ಮೆಂದಿತು. ಅಕ್ಕ ಪತ್ರಿಕೆ ಓದಿ ಮಡಚಿ ಮೇಜಿನ ಮೇಲಿಟ್ಟಳು.

“ಆ ಬಾಗಿಲು ತೆಗೆದ್ರೆ ನಾನು ಆಚೆ ಕಣೋ. ಈ ಸಲ ತಮಾಷೆಗೆ ಹೇಳ್ತಿಲ್ಲ.”

ತಮಾಷೆಯಾಗಿರಲಿಲ್ಲ. ಮಕ್ಕಳ ಪಠ್ಯಪುಸ್ತಕ ಅಚ್ಚು ಹಾಕುವ ಒಂದು ಕಡೆ ಅವಳಿಗೆ ಚಿತ್ರ ಬರೆಯುವ ಕೆಲಸ ಸಿಕ್ಕಿದೆಯಂತೆ. ನಾಳೆ ಬೆಳಿಗ್ಗೆ ಅವಳು ಬರುತ್ತೇನೆಂದೋ ಇಲ್ಲವೆಂದೋ ಹೇಳಬೇಕು. ಒಳ್ಳೆಯ ಕೆಲಸ. ಮಾವಿನಹಣ್ಣು ಬರೆ ಎಂದರೆ ಮಾವಿನಹಣ್ಣು ಬರೆಯುವುದು, ಪುಸ್ತಕ ಮುಗಿಯುವುದು, ಮಕ್ಕಳು ಓದುವುದು. ಹಣ್ಣಿಗೆ ರೆಕ್ಕೆ ಹಚ್ಚಿದರೆ ಹೇಗೆ ಎಂದು ಯಾರೂ ಹಿಂದೆ ನಿಂತು ಕೇಳುವುದಿಲ್ಲ.

ಅವಳು ಸಾಮಾನು ತರಲು ಹೊರಗೆ ಹೋದಾಗ ನಾನು ಆಟದೊಳಗಿನ ಆ ನೀಲಿ ಬಾಗಿಲ ಕೋಣೆಗೆ ಹೋದೆ. ಘೋಷಣೆಗೆ ಯಾವುದನ್ನು ಹೊರತೆಗೆಯಲಿ ಎಂದು ನೋಡಲು, ಅಷ್ಟೇ. ಅಕ್ಕ, ನೀನು ಹಾಗೆ ನೋಡಬೇಡ, ಇದನ್ನು ನಿನಗೆ ಆಗಲೇ ಹೇಳಿದ್ದೇನೆ. ಒಳಗೆ ನನ್ನವೆಲ್ಲ ರಾಶಿ ಬಿದ್ದಿದ್ದವು. ಒಂದರ ಮೇಲೊಂದು, ಸಂತೆ ಮುಗಿದ ಮೇಲಿನ ಬಯಲಿನ ಹಾಗೆ. ಅವುಗಳ ಹಿಂದೆ, ಗೋಡೆಗೆ ಒಂದು ಕಪಾಟು ಬರೆದಿತ್ತು. ಕಪಾಟಿನಲ್ಲಿ ಒಪ್ಪವಾಗಿ ಜೋಡಿಸಿದ ಚಿತ್ರಗಳು. ನಾನು ಹೇಳದೇ ಇದ್ದವು. ನಾನು ಕೇಳದೇ ಇದ್ದವು.

ಒಂದರಲ್ಲಿ ಒಬ್ಬ ಹುಡುಗಿ ಮರದ ಹಲಗೆಯ ಮುಂದೆ ಕುಳಿತು, ಅದರ ಬಣ್ಣವನ್ನು ಕೆರೆಯುತ್ತಿದ್ದಾಳೆ. ಬಣ್ಣ ಕೆರೆದರೆ ಕೆಳಗೊಂದು ಅಂಗಡಿಯ ಹೆಸರು. ಅದನ್ನು ಕೆರೆದರೆ ಅದರ ಕೆಳಗೆ ಇನ್ನೊಂದು. ಹೆಸರು ಬಂದಾಗಲೆಲ್ಲ ಹಿಂದಿನ ಬೀದಿ ಬದಲಾಗುತ್ತದೆ, ಮನೆ ಬದಲಾಗುತ್ತದೆ, ಶಾಲೆಯ ಅಂಗಿಯ ಬಣ್ಣ ಬದಲಾಗುತ್ತದೆ. ಆ ಚಿತ್ರಕ್ಕೆ ಒಂದು ಸದ್ದು ಹಚ್ಚಿತ್ತು. ಕೆರ್ರ್, ಕೆರ್ರ್. ಅಪ್ಪನ ಹಲಗೆ ಇನ್ನೂ ನಮ್ಮ ಹಿತ್ತಲಿನಲ್ಲಿದೆ. ಅದನ್ನೇ ಕೆರೆದು ಮೊಬೈಲಿನಲ್ಲಿ ಹಿಡಿದಿದ್ದಾಳೆ. ನನಗೆ ತಿಳಿಯದ ಹಾಗೆ.

ಹೇಳಬಾರದಿತ್ತೇ? ಒಂದೇ ಕೋಣೆ, ಎರಡು ಮೇಜು. ಬಾಯಿಬಿಟ್ಟು ಹೇಳಲು ಏನು ಕಷ್ಟ? ನಾನೇನು ಬೇಡ ಅನ್ನುತ್ತಿದ್ದೆನೇ? ಅವಳು ಸಾಮಾನು ತೆಗೆದುಕೊಂಡು ಬಂದಾಗ ಕಂಪ್ಯೂಟರಿನ ಪರದೆ ತೋರಿಸಿ, ಇದು ಯಾರದು ಎಂದು ಜೋರಾಗಿಯೇ ಕೇಳಿದೆ.

“ನಂದು. ಸರದೀಲಿ ನಿಂತಿದೆ. ನಿಂದೆಲ್ಲ ಮುಗಿದ ಮೇಲೆ ಅಂತ.”

ನನ್ನದು ಮುಗಿಯುವುದು ಯಾವಾಗ ಎಂದೆ.

“ಅದನ್ನೇ ನಾನೂ ಕೇಳಿಕೊಂಡೆ. ಆಮೇಲೆ ಆ ಕೆಲಸಕ್ಕೆ ಅರ್ಜಿ ಹಾಕಿದೆ.”

ಸಿಟ್ಟಿನಿಂದ ಹೇಳಲಿಲ್ಲ. ತಂದ ಸೋಪನ್ನು ಗೂಡಿನಲ್ಲಿ ಇಡುತ್ತಾ ಹೇಳಿದಳು. ನನಗೆ ಅದಕ್ಕೇ ಸಿಟ್ಟು ಬಂತು. ಈಗಲೂ ಇದೆ.

ಆದ್ದರಿಂದ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡದೆ ನೇರವಾಗಿ ಹೇಳುತ್ತೇನೆ. ಆ ಬಾಗಿಲು ತೆರೆಯುವುದಿಲ್ಲ. ನೀವು ಹಾಕಿಸಿದ ದಪ್ಪ ಅಕ್ಷರ ದಂಡವಾಯಿತು, ಬೋರ್ಡಪ್ಪನ ಮಗನ ವಿಷಯದಲ್ಲಿ ಅಕ್ಷರ ದಂಡವಾಗುವುದು ಹೊಸದೇನಲ್ಲ. ನನ್ನ ಬೆಕ್ಕು, ನನ್ನ ರೈಲು, ಬಾಡಿಗೆ ಕೊಡುವ ನನ್ನ ದೆವ್ವ, ಯಾವುದಕ್ಕೂ ಬಿಡುಗಡೆ ಇಲ್ಲ. ಮೆಟ್ಟಿಲ ಮೇಲೆ ಸಿಕ್ಕ ಮಹನೀಯರೇ, ನಿಮ್ಮ ಭಯಂಕರ ಐಡಿಯಾವನ್ನೂ ಬೇಕಾದರೆ ಅಲ್ಲೇ ಇಡುತ್ತೇನೆ. ಒಳಗೆ ಜಾಗವಾಗಿದೆ. ಯಾಕೆಂದರೆ ಕಪಾಟಿನಲ್ಲಿದ್ದದ್ದನ್ನು ಹೊರಗೆ ತೆಗೆದಿದ್ದೇನೆ.

ಕಳೆದ ಕೆಲವು ದಿನಗಳಿಂದ ನಾನು ಹಲಗೆ ಕೆರೆಯುವ ಆ ಹುಡುಗಿಯ ಆಟವೊಂದನ್ನೇ ಕಟ್ಟುತ್ತಿದ್ದೇನೆ. ಅಕ್ಕನಿಗೆ ಬೇರೆಯೇ ಹೇಳಿದ್ದೆ, ಘೋಷಣೆಗೆ ತಯಾರಿ ಎಂದು. ಹುಡುಗಿ ಕೂರುತ್ತಾಳೆ, ಕೆರೆಯುತ್ತಾಳೆ, ಬಣ್ಣ ಉದುರುತ್ತದೆ, ಮೊದಲ ಹೆಸರು ಕಾಣುತ್ತದೆ. ಅಷ್ಟಾಗಿದೆ. ಆ ಆಟಕ್ಕೆ ಹೆಸರಿಟ್ಟಿಲ್ಲ. ಮುಖಪುಟ ಇಲ್ಲ. ಮಾಡುವಾಗ ನನಗೊಂದು ಐಡಿಯಾ ಬಂತು, ತುಂಬ ಚೆನ್ನಾಗಿತ್ತು, ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಇನ್ನೂ ಗಂಟಲಲ್ಲೇ ಇದೆ.

ಮೈಕು ಹಿಡಿದು, ಇಷ್ಟು ಜನರ ಮುಂದೆ, ಅಕ್ಕಾ ಹೋಗಬೇಡ ಎಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಚಪ್ಪಾಳೆ ತಟ್ಟಿ ತಟ್ಟಿ ನೀವು ಅವಳನ್ನು ಒಪ್ಪಿಸಿಬಿಡುತ್ತೀರಿ, ನಿಮ್ಮನ್ನು ನಾನು ಬಲ್ಲೆ. ಆದ್ದರಿಂದ ಕೇಳುವುದಿಲ್ಲ. ನಾಳೆ ಅವರಿಗೆ ನೀನು ಏನು ಹೇಳಬೇಕೆಂದಿದ್ದೀಯೋ ಹೇಳು ಅಕ್ಕ. ಹೋದರೂ ಆಟ ನಿನ್ನದೇ, ಮಾಡುವ ಕೂಲಿ ನಾನು. ಸಂಜೆ ಬಂದು, ಮುಂದೇನು ಎಂದು ಹೇಳಿದರೆ ಸಾಕು. ಹಲಗೆಯ ತಳಕ್ಕೆ ಹೋದಾಗ ಏನು ಕಾಣಬೇಕು ಎಂದು ಚಿತ್ರದಲ್ಲಿ ನೀನು ಬರೆದಿಲ್ಲ. ಬರೀ ಮರವೋ, ಅಪ್ಪನೋ, ಛತ್ರಿಯೋ. ನನಗೇನೋ ಅನ್ನಿಸುತ್ತದೆ. ಹೇಳುವುದಿಲ್ಲ.

ಈ ಫಲಕ ಆ ಕೆರೆತಕ್ಕೆ ಕೊಟ್ಟದ್ದು ಎಂದು ನೀವೇ ಓದಿದ್ದೀರಿ. ಇಳಿದು ಹೋಗುವಾಗ ಬಾಗಿಲ ಪಕ್ಕದ ಕುರ್ಚಿಗೆ ತಲುಪಿಸುತ್ತೇನೆ. ಹೂಗುಚ್ಛ ನನಗಿರಲಿ, ಅದರಿಂದ ಆಗಲೇ ನನ್ನ ತೋಳೆಲ್ಲ ಒದ್ದೆಯಾಗಿದೆ.

ಕರೆದ ಸಂಘಕ್ಕೂ, ಗೊತ್ತಿಲ್ಲದೇ ಸರಿಯಾದದ್ದನ್ನು ಹೊಗಳಿದ ಕಾರ್ಯದರ್ಶಿಗಳಿಗೂ, ಬಂಡವಾಳದ ಚೀಲ ಮುಚ್ಚಿಕೊಳ್ಳುತ್ತಿರುವ ಮುಖ್ಯ ಅತಿಥಿಗಳಿಗೂ, ಇಷ್ಟು ಹೊತ್ತು ಬೈಸಿಕೊಂಡು ಕುಳಿತ ನಿಮಗೂ ನಾನು ಋಣಿ. ಹೊರಗೆ ಕಾವಲಿನವರ ಹತ್ತಿರ ಏಣಿ ಇರುವುದನ್ನು ಬರುವಾಗಲೇ ನೋಡಿಕೊಂಡಿದ್ದೇನೆ. ಅಧ್ಯಕ್ಷರು ದಯವಿಟ್ಟು ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡರೆ, ಆ ದೀಪವೊಂದನ್ನು ಸರಿಮಾಡಿಯೇ ಹೋಗುತ್ತೇನೆ. ಹಿಡಿದ ಕೆಲಸ ಒಂದಾದರೂ ನಿಮ್ಮ ಕಣ್ಣೆದುರು ಮುಗಿಯಲಿ.

ಇನ್ನೊಂದು. ಅಕ್ಕ ಈಗ ತಾನೇ ತೊಡೆಯ ಮೇಲಿದ್ದ ಕೈಚೀಲವನ್ನು ಕುರ್ಚಿಯ ಕೆಳಗೆ ಇಟ್ಟಳು. ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ಚಪ್ಪಾಳೆಯೂ ಬೇಡ.

ನಮಸ್ಕಾರ.